ಗಣನೆಯ ವೇಗವೂ ಸ್ಮೃತಿಯ ದೂರವೂ

ಎರಡು ಮಾತೃಕೆಗಳನ್ನು ಗುಣಿಸುವ ಕ್ರಮವನ್ನು ಪದವಿಪೂರ್ವ ತರಗತಿಯ ವಿದ್ಯಾರ್ಥಿಯೂ ಬಲ್ಲನು. ಮೊದಲನೆಯದರ ಒಂದು ಅಡ್ಡಸಾಲನ್ನೂ ಎರಡನೆಯದರ ಒಂದು ಕಂಬಸಾಲನ್ನೂ ತೆಗೆದುಕೊಂಡು, ಸರಿಸ್ಥಾನಗಳಲ್ಲಿರುವ ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧಗಳನ್ನೆಲ್ಲ ಕೂಡಿದರೆ ಫಲಮಾತೃಕೆಯ ಒಂದು ಅಂಶ ದೊರೆಯುತ್ತದೆ. ಸಾಲೊಂದಕ್ಕೆ 4,096 ಸಂಖ್ಯೆಗಳಂತೆ 4,096 ಸಾಲುಗಳುಳ್ಳ ಎರಡು ಮಾತೃಕೆಗಳನ್ನು ಹೀಗೆ ಗುಣಿಸಬೇಕಾದರೆ ಸುಮಾರು 6,872 ಕೋಟಿ ಗುಣಾಕಾರಗಳೂ ಹೆಚ್ಚುಕಡಮೆ ಅಷ್ಟೇ ಸಂಕಲನಗಳೂ ಆಗಬೇಕು. 2020ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಚಾರ್ಲ್ಸ್ ಲೈಸರ್ಸನ್ ಮತ್ತು ಅವರ ಸಹೋದ್ಯೋಗಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದೇ ಲೆಕ್ಕವನ್ನು ಒಂದೇ ಯಂತ್ರದ ಮೇಲೆ ಏಳು ವಿಧವಾಗಿ ಮಾಡಿಸಿ, ತಗಲಿದ ಕಾಲವನ್ನು ಪಟ್ಟಿಮಾಡಿ ತೋರಿಸಿದ್ದಾರೆ. ಪೈಥಾನ್ ಭಾಷೆಯಲ್ಲಿ ಸರಳವಾಗಿ ಬರೆದ ಪ್ರೋಗ್ರಾಮು 25,552 ಸೆಕೆಂಡುಗಳನ್ನು, ಎಂದರೆ ಏಳು ಗಂಟೆಗೂ ಮಿಕ್ಕ ಕಾಲವನ್ನು, ತೆಗೆದುಕೊಂಡಿತು. ಕಟ್ಟಕಡೆಯ ರೂಪವು ಅದೇ ಉತ್ತರವನ್ನು 0.41 ಸೆಕೆಂಡಿನಲ್ಲಿ ಕೊಟ್ಟಿತು.

ಅರವತ್ತು ಸಾವಿರ ಪಟ್ಟಿಗೂ ಮೀರಿದ ಈ ಅಂತರವು ಒಂದೇ ಕಾರಣದಿಂದ ಉಂಟಾದುದಲ್ಲ. ಪೈಥಾನನ್ನು ಬಿಟ್ಟು ಸಿ ಭಾಷೆಯಲ್ಲಿ ಬರೆದುದರಿಂದ ಕಾಲವು 542 ಸೆಕೆಂಡಿಗೆ ಇಳಿಯಿತು. ಯಂತ್ರದಲ್ಲಿದ್ದ ಗಣನಾಂಗಗಳಾದ 18 ಕೋರ್‌ಗಳಿಗೂ ಕೆಲಸವನ್ನು ಹಂಚಿದಾಗ ಸುಮಾರು 70 ಸೆಕೆಂಡಾಯಿತು. ಕೊನೆಯ ಎರಡು ಮೆಟ್ಟಿಲುಗಳು ಒಂದೇ ಆಜ್ಞೆಯಿಂದ ಹಲವು ಸಂಖ್ಯೆಗಳನ್ನು ಗುಣಿಸುವ ಸೌಕರ್ಯದಿಂದ ಬಂದವು. ಆದರೆ ಇವುಗಳ ನಡುವೆ ಒಂದು ಮೆಟ್ಟಿಲಿದೆ. ಅಲ್ಲಿ ಭಾಷೆ ಬದಲಾಗಲಿಲ್ಲ, ಕೋರ್‌ಗಳ ಸಂಖ್ಯೆ ಹೆಚ್ಚಲಿಲ್ಲ, ಗುಣಾಕಾರಗಳಲ್ಲಿ ಒಂದಾದರೂ ಕಡಮೆಯಾಗಲಿಲ್ಲ. ಹಾಗಿದ್ದೂ 70 ಸೆಕೆಂಡಿನ ಕೆಲಸವು 3.8 ಸೆಕೆಂಡಿನಲ್ಲಿ ಮುಗಿಯಿತು. ದೊಡ್ಡ ಮಾತೃಕೆಗಳನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಅದೇ ಗುಣಾಕಾರಗಳನ್ನು ಬೇರೊಂದು ಅನುಕ್ರಮದಲ್ಲಿ ಮಾಡಿದುದಷ್ಟೇ ಅಲ್ಲಿ ನಡೆದ ವ್ಯತ್ಯಾಸ. ಕೆಲಸದ ಪ್ರಮಾಣವು ಅಷ್ಟೇ ಇದ್ದು, ಅದರ ಅನುಕ್ರಮ ಮಾತ್ರವೇ ಬದಲಾದರೆ ಕಾಲವು ಹದಿನೆಂಟರಲ್ಲಿ ಒಂದು ಪಾಲಾಗುವುದೆಂತು?

ಇದಕ್ಕೆ ಉತ್ತರವು ಗಣಕದ ಎರಡು ಅಂಗಗಳ ನಡುವಣ ವಿಷಮತೆಯಲ್ಲಿದೆ. ಲೆಕ್ಕವನ್ನು ಮಾಡುವ ಪ್ರೊಸೆಸರು ಒಂದು. ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಧರಿಸಿಕೊಂಡಿರುವ ಮುಖ್ಯ ಸ್ಮೃತಿ ಇನ್ನೊಂದು. ಇಂದಿನ ಪ್ರೊಸೆಸರಿನ ಗಡಿಯಾರವು ಸೆಕೆಂಡಿಗೆ ಮುನ್ನೂರು ಕೋಟಿ ಸಲಕ್ಕೂ ಹೆಚ್ಚಾಗಿ ಮಿಡಿಯುತ್ತದೆ. ಅಂಥ ಒಂದು ಮಿಡಿತದ ಅವಧಿಯಲ್ಲಿ ಬೆಳಕು ಕೂಡ ಕ್ರಮಿಸಬಲ್ಲುದು ಹತ್ತೇ ಸೆಂಟಿಮೀಟರು ದೂರವನ್ನು. ಮುಖ್ಯ ಸ್ಮೃತಿಯಾದರೋ ಕೇಳಿದ ಅಂಕಿಯನ್ನು ತಂದೊಪ್ಪಿಸಲು ಎಂಬತ್ತರಿಂದ ನೂರು ನ್ಯಾನೊಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ, ಎಂದರೆ ಅಷ್ಟರೊಳಗೆ ಪ್ರೊಸೆಸರಿನ ಇನ್ನೂರೈವತ್ತು ಮುನ್ನೂರು ಮಿಡಿತಗಳು ಕಳೆದುಹೋಗಿರುತ್ತವೆ. ಈ ನಿಧಾನಕ್ಕೆ ಕಾರಣ ಸ್ಮೃತಿಯ ರಚನೆಯೇ ಆಗಿದೆ. ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡರಿಗೆ 1968ರಲ್ಲಿ ಪೇಟೆಂಟು ದೊರೆತ ವಿನ್ಯಾಸದಂತೆ, ಒಂದು ಟ್ರಾನ್ಸಿಸ್ಟರು ಹಾಗೂ ವಿದ್ಯುದಂಶವನ್ನು ಹಿಡಿದಿಡುವ ಒಂದು ಸೂಕ್ಷ್ಮ ಧಾರಕ ಇವೆರಡೇ ಸೇರಿ ಒಂದು ಬಿಟ್ಟನ್ನು ಕಾಪಾಡುತ್ತವೆ. ಆದಕಾರಣ ಅತ್ಯಲ್ಪ ವೆಚ್ಚದಲ್ಲಿ ಅಪಾರವಾದ ಸ್ಮೃತಿಯು ನಮಗೆ ಲಭ್ಯವಾಯಿತು. ಆದರೆ ಧಾರಕದ ವಿದ್ಯುದಂಶವು ಸೋರುತ್ತಲೇ ಇರುವುದರಿಂದ ಅದನ್ನು ಪದೇ ಪದೇ ತುಂಬಬೇಕು, ಓದುವುದಕ್ಕೂ ಸಾವಕಾಶ ಬೇಕು. ಆರು ಟ್ರಾನ್ಸಿಸ್ಟರುಗಳಿಂದ ಒಂದು ಬಿಟ್ಟನ್ನು ಹಿಡಿಯುವ ಮತ್ತೊಂದು ಬಗೆಯ ಸ್ಮೃತಿಯೂ ಉಂಟು. ಅದು ಬಹು ಚುರುಕು, ಆದರೆ ಹೆಚ್ಚು ಸ್ಥಳವನ್ನೂ ಹೆಚ್ಚು ಹಣವನ್ನೂ ಬೇಡುತ್ತದೆ.

ದೊಡ್ಡದಾದುದು ನಿಧಾನ, ವೇಗವಾದುದು ಸಣ್ಣದು ಎಂಬ ಈ ಸಂದಿಗ್ಧವನ್ನು ಹಿರಿಯರು ಬಹಳ ಹಿಂದೆಯೇ ಕಂಡಿದ್ದರು. 1946ರಲ್ಲಿ ಬರ್ಕ್ಸ್, ಗೋಲ್ಡ್‌ಸ್ಟೈನ್, ಫಾನ್ ನಾಯ್ಮನ್ ಎಂಬ ಮೂವರು ಬರೆದ ವರದಿಯಲ್ಲಿಯೇ ಸ್ಮೃತಿಯನ್ನು ಒಂದರ ಹಿಂದೊಂದರಂತೆ ಶ್ರೇಣಿಗೊಳಿಸದೆ ಗತಿಯಿಲ್ಲವೆಂಬ ವಿಚಾರವಿದೆ. ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ ಅವರು 1965ರಲ್ಲಿ, ದೊಡ್ಡ ಸ್ಮೃತಿಯ ಮುಂದೆ ಸಣ್ಣದೊಂದು ಶೀಘ್ರ ಸ್ಮೃತಿಯನ್ನಿರಿಸಿ, ಬಳಕೆಗೆ ಬಂದ ಅಂಕಿಗಳು ತಾವಾಗಿಯೇ ಅಲ್ಲಿ ಸಂಗ್ರಹವಾಗುವಂತೆ ಮಾಡುವ ಉಪಾಯವನ್ನು ಎರಡೇ ಪುಟಗಳ ಲೇಖನವೊಂದರಲ್ಲಿ ವಿವರಿಸಿದರು. 1968ರಲ್ಲಿ ಐ.ಬಿ.ಎಂ. ಘೋಷಿಸಿದ ಸಿಸ್ಟಮ್ 360 ಶ್ರೇಣಿಯ 85ನೆಯ ಮಾದರಿಯಲ್ಲಿ ಇಂಥ ಶೀಘ್ರ ಸ್ಮೃತಿಯು ಮೊದಲ ಬಾರಿಗೆ ಮಾರಾಟದ ಯಂತ್ರವೊಂದನ್ನು ಸೇರಿತು. ಅದರ ಗಾತ್ರ 16 ಕಿಲೋಬೈಟು. ಇದನ್ನೇ ಇಂದು ಕ್ಯಾಷ್ ಎನ್ನುತ್ತಾರೆ. ಮೇಜಿನ ಮೇಲಿನ ಗಣಕಗಳಿಗೆ ಇದು ತಡವಾಗಿ ಬಂದಿತು. ಇಂಟೆಲ್ ಸಂಸ್ಥೆಯ 80386 ಪ್ರೊಸೆಸರಿನ ಒಡಲಲ್ಲಿ ಕ್ಯಾಷ್ ಇರಲಿಲ್ಲ, 1989ರ 80486ರಲ್ಲಿ 8 ಕಿಲೋಬೈಟಿನ ಕ್ಯಾಷ್ ಕಾಣಿಸಿಕೊಂಡಿತು. ಪ್ರೊಸೆಸರಿನ ವೇಗವು ವರ್ಷ ವರ್ಷಕ್ಕೂ ದಾಪುಗಾಲಿಡುತ್ತ, ಸ್ಮೃತಿಯ ವೇಗವು ಕುಂಟುತ್ತ ಸಾಗಿದುದರಿಂದ, ಮುಂದೊಂದು ದಿನ ಗಣನೆಯ ವೇಗವೆಲ್ಲ ಸ್ಮೃತಿಯೆಂಬ ಗೋಡೆಗೆ ಬಡಿದು ನಿಲ್ಲುವುದೆಂದು ವುಲ್ಫ್ ಮತ್ತು ಮೆಕೀ ಎಂಬ ವಿದ್ವಾಂಸರು 1995ರಲ್ಲಿ ಎಚ್ಚರಿಸಿದರು.

ಇಂದಿನ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಮೂರು ಹಂತದ ಕ್ಯಾಷ್ ಇರುತ್ತದೆ. ಕೋರ್‌ಗೆ ಅತಿ ಸಮೀಪದ ಮೊದಲ ಹಂತವು ಹತ್ತಾರು ಕಿಲೋಬೈಟುಗಳಷ್ಟಿದ್ದು ನಾಲ್ಕೈದು ಮಿಡಿತಗಳಲ್ಲಿ ಉತ್ತರ ಕೊಡುತ್ತದೆ; ನೂರಾರು ಕಿಲೋಬೈಟುಗಳಿಂದ ಒಂದೆರಡು ಮೆಗಾಬೈಟುಗಳವರೆಗಿನ ಎರಡನೆಯ ಹಂತಕ್ಕೆ ಹನ್ನೆರಡು ಹದಿನೈದು ಮಿಡಿತಗಳು ಬೇಕು; ಕೋರ್‌ಗಳೆಲ್ಲ ಹಂಚಿಕೊಳ್ಳುವ ಮೂರನೆಯ ಹಂತಕ್ಕೆ ನಲವತ್ತು ಅಥವಾ ಅದಕ್ಕೂ ಮೇಲ್ಪಟ್ಟು. ಮೂರರಲ್ಲಿಯೂ ಬೇಕಾದ ಅಂಕಿ ಇಲ್ಲದಿದ್ದಾಗ ಮಾತ್ರ ಮುಖ್ಯ ಸ್ಮೃತಿಯವರೆಗೂ ಹೋಗಬೇಕು. ಹಾಗೆ ಹೋದಾಗ ಕೇಳಿದ ಎಂಟು ಬೈಟುಗಳನ್ನಷ್ಟೇ ತರುವ ಪದ್ಧತಿಯಿಲ್ಲ. ಅದರ ಅಕ್ಕಪಕ್ಕದ್ದೂ ಸೇರಿ ಒಟ್ಟು 64 ಬೈಟುಗಳ ಒಂದು ಪಂಕ್ತಿಯೇ ಬರುತ್ತದೆ. ಮದುವೆಮನೆಯ ಅಡುಗೆಯವರು ಒಲೆಯ ಬಳಿಯಿಂದ ಒಂದು ಹಿಡಿ ಬೇಳೆ ಬೇಕೆಂದು ಕೂಗಿದರೆ ಉಗ್ರಾಣದಿಂದ ಒಂದು ಮೊರದ ತುಂಬ ಬೇಳೆ ಬರುವಂತೆ ಇದು. ಉಳಿದ ಬೇಳೆಯೂ ಅಡುಗೆಗೆ ಬೇಕಾದುದಾದರೆ ಓಡಾಟ ಉಳಿಯಿತು, ಬೇಡವಾದರೆ ಒಲೆಯ ಪಕ್ಕದ ಇಕ್ಕಟ್ಟಾದ ಜಾಗವನ್ನು ವ್ಯರ್ಥವಾಗಿ ಆಕ್ರಮಿಸಿತು.

ಈ ವ್ಯವಸ್ಥೆಯೆಲ್ಲ ನಿಂತಿರುವುದು ಪ್ರೋಗ್ರಾಮುಗಳ ಸ್ವಭಾವವನ್ನು ಕುರಿತ ಎರಡು ನಂಬಿಕೆಗಳ ಮೇಲೆ: ಈಗತಾನೆ ಬಳಸಿದ ಅಂಕಿಯು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬೇಕಾದೀತೆಂಬುದು ಒಂದು, ಈಗ ಬಳಸಿದುದರ ನೆರೆಯಲ್ಲಿರುವುದು ಮುಂದೆ ಬೇಕಾದೀತೆಂಬುದು ಮತ್ತೊಂದು. ಮೊದಲನೆಯದನ್ನು ಕಾಲಸಾಮೀಪ್ಯವೆಂದೂ ಎರಡನೆಯದನ್ನು ದೇಶಸಾಮೀಪ್ಯವೆಂದೂ ಕರೆಯಬಹುದು. ಈ ನಂಬಿಕೆಗಳನ್ನು ಉಳಿಸಿಕೊಡುವ ಪ್ರೋಗ್ರಾಮಿಗೆ ಯಂತ್ರವು ತನ್ನ ಪೂರ್ಣ ವೇಗವನ್ನು ಕೊಡುತ್ತದೆ. ಮುರಿಯುವ ಪ್ರೋಗ್ರಾಮು, ತರ್ಕದಲ್ಲಿ ನಿರ್ದುಷ್ಟವಾಗಿದ್ದರೂ, ಕಾಯುವುದರಲ್ಲಿಯೇ ಕಾಲವನ್ನು ಕಳೆಯುತ್ತದೆ.

ಇನ್ನು ನಮ್ಮ ಮಾತೃಕೆಗಳನ್ನು ನೋಡೋಣ. ಸಂಖ್ಯೆಯೊಂದಕ್ಕೆ 8 ಬೈಟುಗಳಂತೆ 4,096 ಸಂಖ್ಯೆಗಳ ಒಂದು ಅಡ್ಡಸಾಲು 32 ಕಿಲೋಬೈಟುಗಳನ್ನು ಆಕ್ರಮಿಸುತ್ತದೆ. ಇಡೀ ಮಾತೃಕೆ 128 ಮೆಗಾಬೈಟು. ಸಿ ಭಾಷೆಯು ಅಡ್ಡಸಾಲುಗಳನ್ನು ಒಂದರ ಹಿಂದೆ ಒಂದರಂತೆ ಸ್ಮೃತಿಯಲ್ಲಿ ಜೋಡಿಸುವುದರಿಂದ, ಅಡ್ಡಸಾಲಿನ ಉದ್ದಕ್ಕೂ ನಡೆಯುವಾಗ ಒಮ್ಮೆ ಬಂದ ಪಂಕ್ತಿಯ ಎಂಟು ಸಂಖ್ಯೆಗಳೂ ಉಪಯೋಗಕ್ಕೆ ಬರುತ್ತವೆ. ಮೇಲಾಗಿ ನಡೆಯು ಕ್ರಮವಾಗಿರುವುದನ್ನು ಗುರುತಿಸಿ ಪ್ರೊಸೆಸರು ಮುಂದಿನ ಪಂಕ್ತಿಗಳನ್ನು ಕೇಳುವ ಮೊದಲೇ ತರಿಸಿಟ್ಟುಕೊಳ್ಳುತ್ತದೆ. ಆದರೆ ಶಾಲೆಯ ಕ್ರಮದಂತೆ ಎರಡನೆಯ ಮಾತೃಕೆಯ ಕಂಬಸಾಲಿನಲ್ಲಿ ಇಳಿಯಲಾರಂಭಿಸಿದೊಡನೆ ಪ್ರತಿಯೊಂದು ಹೆಜ್ಜೆಯೂ 32 ಕಿಲೋಬೈಟಿನ ನೆಗೆತವಾಗುತ್ತದೆ. ಒಂದೊಂದು ಸಂಖ್ಯೆಗೂ ಬೇರೆ ಬೇರೆ ಪಂಕ್ತಿಯನ್ನು ತರಿಸಬೇಕು, ತರಿಸಿದುದರಲ್ಲಿ ಎಂಟನೆಯ ಒಂದು ಪಾಲನ್ನು ಮಾತ್ರ ಬಳಸಬೇಕು, ಉಳಿದ ಏಳು ಪಾಲು ಬಳಕೆಗೆ ಬರುವ ಮೊದಲೇ ಹೊರದೂಡಲ್ಪಡುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕೊಂದಿದೆ. ಸ್ಮೃತಿಯ ಪಂಕ್ತಿಯು ಕ್ಯಾಷಿನಲ್ಲಿ ಮನಬಂದೆಡೆ ಕೂಡಲಾರದು. ಅದರ ವಿಳಾಸವನ್ನು ನೋಡಿ ಒಂದು ನಿರ್ದಿಷ್ಟ ವರ್ಗಕ್ಕೆ ಅದನ್ನು ಸೇರಿಸಲಾಗುತ್ತದೆ. 32 ಕಿಲೋಬೈಟಿನ ಮೊದಲ ಹಂತದಲ್ಲಿ ಇಂಥ 64 ವರ್ಗಗಳಿದ್ದು, ಒಂದೊಂದರಲ್ಲಿಯೂ ಎಂಟು ಪಂಕ್ತಿಗಳಿಗೆ ಮಾತ್ರ ಸ್ಥಳವಿರುವ ಪ್ರೊಸೆಸರುಗಳು ಬಹಳವಾಗಿ ಬಳಕೆಯಲ್ಲಿವೆ. ಅವುಗಳಲ್ಲಿ ವಿಳಾಸವು 4,096 ಬೈಟು ಮುಂದೆ ಸರಿದಾಗಲೆಲ್ಲ ಅದೇ ವರ್ಗವು ಮರಳಿ ಬರುತ್ತದೆ. ನಮ್ಮ ನೆಗೆತವಾದ 32 ಕಿಲೋಬೈಟು ಅದರ ಸರಿಯಾದ ಎಂಟು ಮಡಿಯಾಗಿರುವುದರಿಂದ, ಕಂಬಸಾಲಿನ 4,096 ಸಂಖ್ಯೆಗಳೂ ಒಂದೇ ವರ್ಗದ ಎಂಟು ಸ್ಥಾನಗಳಿಗಾಗಿ ಒಂದನ್ನೊಂದು ತಳ್ಳಾಡುತ್ತವೆ, ಮಿಕ್ಕ ಅರವತ್ತಮೂರು ವರ್ಗಗಳು ಅವುಗಳ ಪಾಲಿಗೆ ಇಲ್ಲದಂತೆಯೇ ಆಗುತ್ತವೆ. ಮಾತೃಕೆಯ ಸಾಲನ್ನು ಎಂಟು ಸಂಖ್ಯೆಗಳಷ್ಟು ಉದ್ದಮಾಡಿ ಆ ಜಾಗವನ್ನು ಬರಿದೆ ಬಿಟ್ಟರೆ ಈ ನೂಕುನುಗ್ಗಲು ತಾನೇ ಚೆದರಿಹೋಗುತ್ತದೆ. ಎರಡರ ಘಾತಗಳಾದ ಸಂಖ್ಯೆಗಳನ್ನು ಸಹಜವಾಗಿಯೇ ಮೆಚ್ಚುವ ಪ್ರೋಗ್ರಾಮುಗಾರನಿಗೆ, ಅಂಥ ಗಾತ್ರವೇ ಕೆಲವೊಮ್ಮೆ ಅನಿಷ್ಟಕಾರಿಯೆಂಬುದು ಯಂತ್ರದ ಅಂತರಂಗವನ್ನರಿಯದೆ ತಿಳಿಯುವ ಸಂಗತಿಯಲ್ಲ.

ಪರಿಹಾರಗಳಲ್ಲಿ ಅತಿ ಸುಲಭವಾದುದು, ಒಂದರೊಳಗೊಂದು ಸುತ್ತುವ ಮೂರು ಆವರ್ತನೆಗಳಲ್ಲಿ ಒಳಗಿನ ಎರಡನ್ನು ಅದಲುಬದಲು ಮಾಡುವುದು. ಅಷ್ಟರಿಂದಲೇ ನಡೆಯೆಲ್ಲವೂ ಅಡ್ಡಸಾಲಿನ ಗುಂಟವಾಗುತ್ತದೆ. ಇನ್ನೂ ಉತ್ತಮವಾದುದು ಚೌಕಗಳಾಗಿ ಒಡೆಯುವ ವಿಧಾನ. ಅಡ್ಡಕ್ಕೂ ಉದ್ದಕ್ಕೂ 32 ಸಂಖ್ಯೆಗಳಿರುವ ಒಂದು ಚೌಕಕ್ಕೆ 8 ಕಿಲೋಬೈಟು ಸಾಕು. ಗುಣ್ಯ, ಗುಣಕ, ಫಲ ಈ ಮೂರರ ಚೌಕಗಳೂ ಸೇರಿ 24 ಕಿಲೋಬೈಟಾಗಿ, ಮೇಲೆ ಹೇಳಿದ ನೂಕುನುಗ್ಗಲನ್ನು ತಪ್ಪಿಸಿಕೊಂಡರೆ, ಮೊದಲ ಹಂತದಲ್ಲಿಯೇ ನೆಲಸಬಲ್ಲವು. ಹಾಗೆ ನೆಲಸಿದ ಬಳಿಕ, ದೂರದಿಂದ ಶ್ರಮಪಟ್ಟು ತಂದ ಒಂದೊಂದು ಸಂಖ್ಯೆಯೂ ಹೊರಹೋಗುವ ಮುನ್ನ ಮೂವತ್ತೆರಡು ಬಾರಿ ಬಳಕೆಯಾಗುತ್ತದೆ. ಪ್ರಬಂಧದಲ್ಲಿನ 70 ಸೆಕೆಂಡು 3.8 ಆದುದು ಈ ತತ್ತ್ವದಿಂದಲೇ. ಮಾತೃಕೆಯನ್ನು ಅರ್ಧಕ್ಕರ್ಧವಾಗಿ ಮತ್ತೆ ಮತ್ತೆ ಒಡೆಯುತ್ತ ಹೋದರೆ ಪ್ರತಿಯೊಂದು ಹಂತದ ಕ್ಯಾಷಿಗೂ ಹೊಂದುವ ಗಾತ್ರವು ಎಲ್ಲಿಯಾದರೂ ಒದಗಿಯೇ ಒದಗುತ್ತದೆ.

ಗಣಿತದ ಈ ನಿದರ್ಶನದ ಹೊರಗೂ ಇದೇ ನಿಯಮ ಆಳುತ್ತದೆ. ಒಂದು ಕೋಟಿ ಅಂಕಿಗಳನ್ನು ಸರಪಣಿಯಂತೆ ಒಂದರಿಂದ ಮುಂದಿನದರ ವಿಳಾಸವನ್ನು ಪಡೆಯುವ ರೀತಿಯಲ್ಲಿ ಸ್ಮೃತಿಯ ತುಂಬ ಚೆದರಿಸಿಟ್ಟು ಕೂಡಹೊರಟರೆ, ಈಗಿನ ಕೊಂಡಿಯು ಕೈಸೇರುವ ತನಕ ಮುಂದಿನ ಕೊಂಡಿಯ ನೆಲೆ ತಿಳಿಯದಾದ್ದರಿಂದ, ಕೊಂಡಿಗೆ ನೂರು ನ್ಯಾನೊಸೆಕೆಂಡಿನಂತೆ ಒಂದು ಸೆಕೆಂಡು ಕೇವಲ ಕಾಯುವುದಕ್ಕೇ ಸಲ್ಲುತ್ತದೆ. ಅವೇ ಅಂಕಿಗಳು ಸಾಲಾಗಿ ಒತ್ತೊತ್ತಾಗಿದ್ದರೆ ಸೆಕೆಂಡಿಗೆ ಹತ್ತು ಗಿಗಾಬೈಟು ಹರಿಸುವ ಸ್ಮೃತಿಯಿಂದ 80 ಮೆಗಾಬೈಟೂ ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ಬಂದುಬಿಡುತ್ತದೆ. ಮತದಾರರ ಪಟ್ಟಿಯಂಥ ದೊಡ್ಡ ದಾಖಲೆಯಲ್ಲಿ ವಯಸ್ಸಿನ ಸರಾಸರಿಯನ್ನಷ್ಟೇ ತೆಗೆಯಬೇಕಾದಾಗ, ಹೆಸರು, ವಿಳಾಸಗಳ ನಡುವೆ ವಯಸ್ಸು ಅಡಗಿದ್ದರೆ 64 ಬೈಟು ತಂದು ನಾಲ್ಕನ್ನು ಬಳಸಿದಂತಾಗುತ್ತದೆ. ವಯಸ್ಸುಗಳನ್ನೆಲ್ಲ ಪ್ರತ್ಯೇಕವಾಗಿ ಒಂದೆಡೆ ಇಟ್ಟರೆ ಪಂಕ್ತಿಯೊಂದರಲ್ಲಿ ಹದಿನಾರು ವಯಸ್ಸುಗಳು ಬರುತ್ತವೆ. ಇನ್ನು ಎರಡು ಕೋರ್‌ಗಳು ತಂತಮ್ಮ ಎಣಿಕೆಗಳನ್ನು ಬೇರೆ ಬೇರೆಯಾಗಿಯೇ ಹೆಚ್ಚಿಸುತ್ತಿದ್ದರೂ, ಆ ಎರಡು ಎಣಿಕೆಗಳು ದುರದೃಷ್ಟದಿಂದ ಒಂದೇ ಪಂಕ್ತಿಯಲ್ಲಿ ಕುಳಿತಿದ್ದರೆ, ಒಂದು ಕೋರ್ ಬರೆದಾಗಲೆಲ್ಲ ಇನ್ನೊಂದರ ಪ್ರತಿಯು ಅಸಿಂಧುವಾಗಿ, ಪಂಕ್ತಿಯು ಎರಡರ ನಡುವೆ ಎಳೆದಾಟಕ್ಕೆ ಸಿಕ್ಕುತ್ತದೆ. ಕೋರ್‌ಗಳನ್ನು ಹೆಚ್ಚಿಸಿದಷ್ಟೂ ಪ್ರೋಗ್ರಾಮು ನಿಧಾನವಾಗುವ ವಿಪರೀತವೂ ಇದರಿಂದ ಸಂಭವಿಸುತ್ತದೆ.

ಈ ಪಾಠವನ್ನು ವೈಜ್ಞಾನಿಕ ಗಣನೆಯ ಲೋಕವು ಮೊದಲೇ ಕಲಿತಿತು. ಸಮೀಕರಣಗಳ ವ್ಯೂಹಗಳನ್ನು ಬಿಡಿಸಲು 1970ರ ದಶಕದಲ್ಲಿ ಸಿದ್ಧವಾದ ಲಿನ್‌ಪ್ಯಾಕ್ ಎಂಬ ಪ್ರಸಿದ್ಧ ತಂತ್ರಾಂಶ ಸಂಗ್ರಹವು ಒಂದೊಂದು ಕಂಬಸಾಲನ್ನು ತೆಗೆದುಕೊಂಡು ಕೆಲಸಮಾಡುತ್ತಿತ್ತು. ಅದರ ಗಣಿತದಲ್ಲಿ ದೋಷವಿರಲಿಲ್ಲ, ಆದರೆ ಶ್ರೇಣೀಕೃತ ಸ್ಮೃತಿಯ ಯಂತ್ರಗಳ ಮೇಲೆ ಅದು ಅಂಕಿಗಳನ್ನು ಸಾಗಿಸುವುದರಲ್ಲಿಯೇ ಹೆಚ್ಚು ಕಾಲ ಕಳೆಯತೊಡಗಿತು. ಆದುದರಿಂದ ಜ್ಯಾಕ್ ಡೊಂಗಾರಾ ಮೊದಲಾದವರು ಕೂಡಿ, ಅದೇ ವಿಧಾನಗಳನ್ನು ಚೌಕ ಚೌಕವಾಗಿ ನಡೆಯುವಂತೆ ಪುನರ್ರಚಿಸಿ, 1992ರಲ್ಲಿ ಲ್ಯಾಪ್ಯಾಕ್ ಎಂಬ ಹೊಸ ಸಂಗ್ರಹವನ್ನು ಹೊರತಂದರು. 2021ರ ಟ್ಯೂರಿಂಗ್ ಪ್ರಶಸ್ತಿಯು ಡೊಂಗಾರಾ ಅವರಿಗೆ ಸಂದುದು, ಬದಲಾಗುತ್ತಿದ್ದ ಯಂತ್ರಗಳೊಡನೆ ಗಣಿತದ ತಂತ್ರಾಂಶವನ್ನು ಹೆಜ್ಜೆ ತಪ್ಪದಂತೆ ನಡೆಸಿದ ಇಂಥ ದೀರ್ಘಸೇವೆಗಾಗಿ.

ಹಾಗೆಂದು ಪ್ರತಿಯೊಂದು ಪ್ರೋಗ್ರಾಮಿನ ಪ್ರತಿಯೊಂದು ಸಾಲನ್ನೂ ಕ್ಯಾಷಿನ ದೃಷ್ಟಿಯಿಂದಲೇ ಬರೆಯಬೇಕೆಂದು ವಾದಿಸುವುದು ಅತಿರೇಕವಾದೀತು. ಜಾಲದಿಂದಲೋ ಮನುಷ್ಯನ ಬೆರಳಿನಿಂದಲೋ ಬರುವ ಉತ್ತರಕ್ಕಾಗಿ ಕಾಯುವ ಪ್ರೋಗ್ರಾಮಿಗೆ ನ್ಯಾನೊಸೆಕೆಂಡುಗಳ ಉಳಿತಾಯದಿಂದ ಪ್ರಯೋಜನವಿಲ್ಲ. ಕೆಟ್ಟ ವಿಧಾನವೊಂದನ್ನು ಒಳ್ಳೆಯ ಜೋಡಣೆಯು ಉದ್ಧರಿಸಲೂ ಆರದು. ಸ್ಪಷ್ಟವಾಗಿದ್ದುದನ್ನು ವೃಥಾ ತಿರುಚಿದರೆ ಮುಂದೆ ಅದನ್ನು ತಿದ್ದುವವರಿಗೆ ಕಷ್ಟವೇ ಹೊರತು ಲಾಭವಿಲ್ಲ. ಹೆಜ್ಜೆಗಳನ್ನು ಎಣಿಸುವ ಶಾಸ್ತ್ರವನ್ನು ನಮ್ಮ ವಿದ್ಯಾಲಯಗಳು ಕಲಿಸುವುದು ಯುಕ್ತವೇ. ಆದರೆ ಹೆಜ್ಜೆಗಳೆಲ್ಲ ಸಮಾನವೆಂಬ ಅದರ ಊಹೆಯು ಇಂದಿನ ಯಂತ್ರದಲ್ಲಿ ಸತ್ಯವಲ್ಲವೆಂಬುದನ್ನೂ, ಒಂದು ಹೆಜ್ಜೆಗೆ ನಾಲ್ಕು ಮಿಡಿತವೂ ಇನ್ನೊಂದಕ್ಕೆ ಮುನ್ನೂರು ಮಿಡಿತವೂ ಹಿಡಿಯಬಲ್ಲುದೆಂಬುದನ್ನೂ ಅದರೊಡನೆಯೇ ಕಲಿಸತಕ್ಕದ್ದು. ಪ್ರೋಗ್ರಾಮು ನಿಧಾನವಾದಾಗ ಹೊಸ ಯಂತ್ರವನ್ನು ಕೊಳ್ಳಹೊರಡುವ ಮುನ್ನ, ಇರುವ ಯಂತ್ರದಲ್ಲಿ ಕೇಳಿದ ಅಂಕಿಗಳು ಎಷ್ಟು ಬಾರಿ ಕ್ಯಾಷಿನಲ್ಲಿ ಸಿಕ್ಕದೆ ಹೋಗುತ್ತಿವೆಯೆಂಬುದನ್ನು ಅಳೆದು ನೋಡಿರಿ. ಅಳೆಯುವ ಎಣಿಕೆಗಳನ್ನು ಪ್ರೊಸೆಸರೇ ತನ್ನೊಳಗೆ ಇಟ್ಟುಕೊಂಡಿದೆ, ಅವನ್ನು ಓದಿ ಹೇಳುವ ಪರ್ಫ್ ಎಂಬ ಸಾಧನವು ಲಿನಕ್ಸ್ ಬಳಸುವವರಿಗೆಲ್ಲ ಉಚಿತವಾಗಿಯೇ ದೊರೆಯುತ್ತದೆ.