ನಿದ್ರೆಯಲ್ಲಿ ಸೋಲುವ ಉಸಿರು

೧೯೫೨ರಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ನಗರವನ್ನು ಪೋಲಿಯೊ ಮುತ್ತಿತು. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಸ್ನಾಯುಗಳು ಸೋತ ಮೊದಲ ೩೧ ರೋಗಿಗಳ ಪೈಕಿ ೨೭ ಮಂದಿ ಮೂರೇ ದಿನಗಳಲ್ಲಿ ತೀರಿಕೊಂಡರು. ದೇಹವನ್ನೇ ಒಳಗಿರಿಸಿಕೊಂಡು ಉಸಿರಾಡಿಸುವ ‘ಕಬ್ಬಿಣದ ಶ್ವಾಸಕೋಶ’ ಆ ದೊಡ್ಡ ಆಸ್ಪತ್ರೆಯಲ್ಲಿದ್ದುದು ಒಂದೇ ಒಂದು. ರಕ್ತಪರೀಕ್ಷೆಯನ್ನು ನೋಡಿದ ವೈದ್ಯರು ಕ್ಷಾರ ಹೆಚ್ಚಿದೆಯೆಂದು ಬಗೆದಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಒಪ್ಪಲಿಲ್ಲ. ಸೋತ ಸ್ನಾಯುಗಳು ಹೊರದೂಡಲಾರದ ಇಂಗಾಲಾಮ್ಲ ವಾಯುವೇ ದೇಹದಲ್ಲಿ ಶೇಖರವಾಗುತ್ತಿದೆ ಎಂದರು. ಆಗಸ್ಟ್ ೨೭ರಂದು, ಸಾವಿನಂಚಿನಲ್ಲಿದ್ದ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಗಂಟಲಿಗೆ ಕೊಳವೆಯಿರಿಸಿ, ರಬ್ಬರು ಚೀಲವನ್ನು ಕೈಯಿಂದ ಅದುಮಿ ಗಾಳಿ ತುಂಬಲಾಯಿತು. ಬಾಲಕಿ ಬದುಕಿಕೊಂಡಳು. ಮುಂದಿನ ತಿಂಗಳುಗಳಲ್ಲಿ ಸುಮಾರು ೧,೫೦೦ ವಿದ್ಯಾರ್ಥಿಗಳು ಸರದಿಯಂತೆ ಕುಳಿತು ಹಗಲಿರುಳೆನ್ನದೆ ಚೀಲ ಅದುಮಿದರು. ಯಂತ್ರವಲ್ಲ, ಬರಿಯ ಕೈಗಳು! ಮರಣಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು.

ಪೋಲಿಯೊ ಕೆಲವೇ ದಿನಗಳಲ್ಲಿ ತಂದ ಈ ಗಂಡಾಂತರವನ್ನು ಡ್ಯುಶೆನ್ ಸ್ನಾಯುಕ್ಷಯದಂತಹ ವ್ಯಾಧಿಗಳು ವರ್ಷಗಟ್ಟಲೆ ಹೊಂಚುಹಾಕಿ ತರುತ್ತವೆ. ಗಂಡುಮಕ್ಕಳನ್ನೇ ಬಹುಮಟ್ಟಿಗೆ ಕಾಡುವ ಈ ರೋಗದಲ್ಲಿ ಮೊದಲು ಕಾಲು, ಬಳಿಕ ತೋಳು, ಕಡೆಗೆ ಉಸಿರಾಟದ ಸ್ನಾಯುವಾದ ವಪೆ ಬಲಗುಂದುತ್ತವೆ. ಮಗ ಏದುಸಿರು ಬಿಟ್ಟಾಗ ನೋಡೋಣವೆಂದು ಕಾಯುವ ತಂದೆತಾಯಿಗಳು ಮೋಸಹೋಗುತ್ತಾರೆ. ಗಾಲಿಕುರ್ಚಿಯಲ್ಲಿರುವ ಹುಡುಗ ಓಡುವನೆ, ಏದುವನೆ? ಉಸಿರು ಮೊದಲು ಸೋಲುವುದು ನಿದ್ರೆಯಲ್ಲಿ. ರಾತ್ರಿ ಮತ್ತೆ ಮತ್ತೆ ಎಚ್ಚರ, ಬೆಳಗ್ಗೆ ತಲೆನೋವು, ಊಟ ಸೇರದು, ಪಾಠದ ವೇಳೆ ತೂಕಡಿಕೆ. ಇದನ್ನು ಸೋಮಾರಿತನವೆಂದು ಗದರುವವರೂ ಉಂಟು.

ಆಮ್ಲಜನಕ ಕೊಡಿಸಿದರಾಯಿತೆಂಬ ಭಾವನೆ ಸಹಜವಾದರೂ ಅಪಾಯಕರ. ಅದು ಬೆರಳಿಗೆ ಸಿಕ್ಕಿಸುವ ಮಾಪಕದ ಅಂಕಿಯನ್ನು ಏರಿಸೀತು, ಇಂಗಾಲಾಮ್ಲವನ್ನು ಹೊರಹಾಕದು. ಇರುವ ಉಸಿರಾಟವನ್ನು ಇನ್ನಷ್ಟು ಮಂದಗೊಳಿಸಲೂಬಹುದು. ಬೇಕಾದುದು ಕೋಪನ್‌ಹೇಗನ್ನಿನ ಚೀಲ ಮಾಡಿದ ಕೆಲಸವೇ. ಈಗ ಅದಕ್ಕಾಗಿ ಮೊದಲೇ ಗಂಟಲು ಕೊಯ್ಯಬೇಕಿಲ್ಲ. ಹಾಸಿಗೆಯ ಬದಿಯ ಪುಟ್ಟ ಯಂತ್ರವು ಮೂಗಿನ ಮೇಲಿನ ಮುಸುಕಿನ ಮೂಲಕ ರಾತ್ರಿಯಿಡೀ ಗಾಳಿಯನ್ನು ಒತ್ತಿ ಕಳುಹಿಸುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್ಲಿನಲ್ಲಿ ೧೯೬೦ರ ದಶಕದಲ್ಲಿ ಈ ರೋಗಿಗಳು ಸರಾಸರಿ ೧೪.೪ ವರ್ಷಕ್ಕೆ ಮರಣಹೊಂದುತ್ತಿದ್ದರು. ೧೯೯೦ರಿಂದೀಚೆಗೆ ಇಂತಹ ನೆರವು ಪಡೆದವರಲ್ಲಿ ಅದು ೨೫.೩ ವರ್ಷಕ್ಕೇರಿತೆಂದು ೨೦೦೨ರಲ್ಲಿ ಪ್ರಕಟವಾದ ವರದಿ ತಿಳಿಸುತ್ತದೆ.

ಇನ್ನು ಕೆಮ್ಮು. ಕೆಮ್ಮಲು ಬಲವಿಲ್ಲದವನಿಗೆ ಸಾಮಾನ್ಯ ನೆಗಡಿಯೂ ಪ್ರಾಣಸಂಕಟ. ಚೀಲದಿಂದ ಎದೆತುಂಬ ಗಾಳಿ ತುಂಬಿ, ಕೆಮ್ಮುವ ಕ್ಷಣದಲ್ಲೇ ಹೊಟ್ಟೆಯನ್ನು ಮೇಲ್ಮುಖವಾಗಿ ಒತ್ತಿ ಕಫವನ್ನು ಹೊರತರುವ ಕ್ರಮವೊಂದುಂಟು. ತಜ್ಞರ ಬಳಿ ಅಭ್ಯಾಸಮಾಡಿದರೆ ಮನೆಯವರೇ ಇದನ್ನು ಕಲಿಯಬಹುದು. ಮುಸುಕಿನ ಅಭ್ಯಾಸಕ್ಕೆ ಮಾತ್ರ ತಾಳ್ಮೆ ಬೇಕು. ಮೊದಲ ರಾತ್ರಿಗಳಲ್ಲಿ ಅದನ್ನು ಕಿತ್ತೆಸೆಯುವ ಹುಡುಗರಿದ್ದಾರೆ. ಹಗಲು ಕಥೆ ಕೇಳುವಾಗ ಅರ್ಧ ಗಂಟೆ, ಮರುದಿನ ಇನ್ನಷ್ಟು ಹೊತ್ತು ಎಂದು ರೂಢಿಮಾಡಿಸುವುದುಂಟು.