ಬಣ್ಣದ ಟ್ರಂಕಿನ ಮುಂದೆ ದುರ್ಯೋಧನ

ಕ್ಯಾಮೆರಾ ಹೆಗಲಿಗೇರಿಸಿ ಶೆಟ್ಟಿಹಳ್ಳಿಗೆ ಬರುವವರೆಲ್ಲ ಹೋಗುವುದು ಒಂದೇ ಕಡೆಗೆ. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿಗೆ ಮುಳುಗಿ ಬೇಸಿಗೆಗೆ ಮೇಲೇಳುವ ಪಾಳು ಚರ್ಚಿಗೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರು ಅಣೆಕಟ್ಟೆಯ ನೀರು ನಿಂತ ಮೇಲೆ ಸುತ್ತಲ ಜನ ಊರು ಬಿಟ್ಟು ಹೋದರು. ನಾನೂ ಅದಕ್ಕೇ ಬಂದವನು. ವಾಪಸು ಹೋಗುವ ದಾರಿಯಲ್ಲಿ ಒಂದು ಹಳ್ಳಿಯ ಫ್ಲೆಕ್ಸ್ ತಡೆಯಿತು: ಇಂದು ರಾತ್ರಿ ‘ಕುರುಕ್ಷೇತ್ರ’. ಪಾತ್ರಧಾರಿಗಳೆಲ್ಲ ಊರಿನ ಹುಡುಗರೇ. ಭೀಮ ಕೂಲಿಂಗ್ ಗ್ಲಾಸ್ ಹಾಕಿದ್ದ.

ರಂಗದ ಮುಂದೆ ಮೊಬೈಲ್ ಹಿಡಿದವರು ಬೇಕಾದಷ್ಟಿದ್ದರು. ನಾನು ಸೀನರಿಯ ಹಿಂದೆ, ಬಣ್ಣದವರ ಪಕ್ಕ ಕೂತೆ. ಅರವತ್ತು ದಾಟಿದ ಮನುಷ್ಯ. ಟ್ರಂಕಿನ ಮುಚ್ಚಳಕ್ಕೆ ಒರಗಿಸಿದ ಕನ್ನಡಿ, ಮೇಲೊಂದು ಬಲ್ಬು. ಹುಡುಗರ ಹೆಸರು ಅವರಿಗೆ ಬೇಕಿಲ್ಲ. ‘ಏಯ್ ನಕುಲ, ಟೀ ತಗಂಡ್ ಬಾ.’ ‘ಬಾಯ್ ಮುಚ್ಕಂಡ್ ಕೂತ್ಕಳಪ್ಪ ದುರ್ಯೋಧನ, ಮೀಸೆ ಸೊಟ್ಟ ಆಯ್ತದೆ.’ ಚಕ್ರವರ್ತಿ ತೆಪ್ಪಗೆ ಕೂತ. ನಾನು ಕ್ಯಾಮೆರಾ ಎತ್ತಿದ್ದೇ ತಡ, ‘ಫ್ಲ್ಯಾಶ್ ಬ್ಯಾಡಿ ಸಾ, ಕಣ್ ಮಿಟುಕುಸ್ತಾನೆ, ಕಾಡಿಗೆ ಹರಡ್ತದೆ.’

ಆ ಒಂದು ಬಲ್ಬಿನ ಬೆಳಕಿಗೆ ಶಟರನ್ನು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ತೆರೆಯಬೇಕಾಯಿತು. ಚಿತ್ರದಲ್ಲಿ ಹುಡುಗನ ಮುಖ ಕಲ್ಲಿನಂತೆ ನಿಂತಿದೆ, ಬಣ್ಣ ಹಚ್ಚುವ ಕೈ ಮಾತ್ರ ಹೊಗೆಯಂತೆ ಕದಡಿದೆ. ಒಂದು ಕೆನ್ನೆ ಕೌರವನದು, ಇನ್ನೊಂದರಲ್ಲಿ ಇನ್ನೂ ಮೊಡವೆ.

ಇಂಥ ನಾಟಕಗಳ ಲೆಕ್ಕಾಚಾರವೇ ಬೇರೆ. ಇಲ್ಲಿ ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ, ಪಾತ್ರಕ್ಕೆ ಅವನೇ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದ, ಮಟ್ಟು ತಿದ್ದುತ್ತಾರೆ. ದ್ರೌಪದಿ ಬಾಡಿಗೆ ಕಾರಿನಲ್ಲಿ ಹೊರಗಿನಿಂದ ಬರುತ್ತಾಳೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಮುಂದೆ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಇಲ್ಲಿ ಆನೆ ಪರದೆಯ ಮೇಲಿದೆ, ಸೊಂಡಿಲ ಹತ್ತಿರ ತೇಪೆ.

ಬೆಳಗಿನ ಜಾವ ತೊಡೆ ಮುರಿಯಿತು. ನೋಟಿನ ಹಾರ ಬಿಚ್ಚಿಟ್ಟು ದುರ್ಯೋಧನ ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿಕೊಂಡ. ಮೊದಲ ಬಸ್ಸಿಗೆ ಹಾಸನದ ಗಾರ್ಮೆಂಟ್ಸಿಗೆ ಹೋಗಬೇಕಂತೆ. ಬಣ್ಣದವರು ಟ್ರಂಕಿಗೆ ಬೀಗ ಹಾಕಿದರು. ಮಗನಿಗೆ ಈ ಕೆಲಸ ಕಲಿಸಿದ್ದೀರಾ ಎಂದೆ. ‘ಅವ್ನು ಮೊಬೈಲ್ ಅಂಗಡಿ ಇಟ್ಟವ್ನೆ,’ ಎಂದವರೇ ಹೊರಟಿದ್ದ ಹುಡುಗನನ್ನು ಕೂಗಿ ನಿಲ್ಲಿಸಿದರು. ಟವೆಲಿನ ತುದಿಯಿಂದ ಅವನ ಕಿವಿಯ ಹಿಂದೆ ಉಳಿದಿದ್ದ ಕೆಂಪನ್ನು ಒರೆಸಿದರು. ಅಷ್ಟು ಹೊತ್ತಿಗೆ ನನ್ನ ಬ್ಯಾಟರಿ ಮುಗಿದಿತ್ತು.