ಗಂಧಯುಕ್ತಿಯಲ್ಲಿ ಶ್ರೀಗಂಧವೂ ಚಹವೂ

ಕನ್ನಡದಲ್ಲಿ ‘ಗಂಧ’ವೆಂಬ ಪದಕ್ಕೆ ಮುಖ್ಯವಾಗಿ ಎರಡು ಅರ್ಥಗಳುಂಟು. ಮೂಗಿಗೆ ಗೋಚರವಾಗುವ ಗುಣವು ಒಂದು; ಸಾಣೆಕಲ್ಲಿನ ಮೇಲೆ ತೇಯುವ ಚಂದನವು ಮತ್ತೊಂದು. ವಾಸನೆಗೆಲ್ಲ ಸಲ್ಲುವ ಹೆಸರು ಒಂದು ಮರಕ್ಕೇ ರೂಢಿಯಾಗಿ ನಿಂತಿತೆಂಬುದು ಆ ಮರದ ಹಿರಿಮೆಗೆ ಸಾಕ್ಷಿ. ಈಚೆಗೆ ಶ್ರೀಗಂಧದೊಡನೆ ಚಹದ ಕಂಪನ್ನು ಕೂಡಿಸಿದ ಸುಗಂಧದ್ರವ್ಯಗಳು ಪ್ರಚಾರಕ್ಕೆ ಬಂದಿವೆ. ಇವೆರಡಕ್ಕೂ ಹೊಂದಿಕೆ ಹೇಗೆ, ಅದನ್ನು ಹೇಳಲು ನಮ್ಮಲ್ಲಿ ಮಾತುಗಳುಂಟೇ ಎಂಬುದೇ ಇಲ್ಲಿನ ವಿಚಾರ.

ಗಂಧಗಳನ್ನು ಬೆರೆಸುವ ವಿದ್ಯೆಗೆ ಹಿಂದಿನವರು ‘ಗಂಧಯುಕ್ತಿ’ ಎಂದು ಹೆಸರಿಟ್ಟಿದ್ದರು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟು, 16 ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆಯ್ದರೆ 1820 ಬಗೆಗಳಾಗುವುವೆಂದು ಲೆಕ್ಕ ಹಾಕಿದ್ದಾನೆ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿಯೂ, ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಸೋಮೇಶ್ವರನ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸದಲ್ಲಿಯೂ ಸುಗಂಧವಿಷಯವು ಬಂದಿದೆ. ಆದರೆ ಚಹವು ಇವರಾರಿಗೂ ತಿಳಿದ ವಸ್ತುವಲ್ಲ. ಚೀನದಿಂದ ಹೊರಟ ಆ ಹೆಸರು ನಮ್ಮಲ್ಲಿಗೆ ಬಂದುದು ಬಹುಕಾಲದ ಮೇಲೆ.

ಇನ್ನು ವಸ್ತುಸ್ವರೂಪವನ್ನು ನೋಡೋಣ. ಶ್ರೀಗಂಧದ ಎಣ್ಣೆಯಿರುವುದು ಮರದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಅದರ ಮುಖ್ಯಾಂಶಗಳು ಆಲ್ಫಾ ಮತ್ತು ಬೀಟಾ ಸ್ಯಾಂಟಲಾಲ್‌ಗಳು. ಅಂತರರಾಷ್ಟ್ರೀಯ ಪ್ರಮಾಣದಂತೆ ಮೊದಲನೆಯದು ನೂರಕ್ಕೆ 41ರಿಂದ 55ರಷ್ಟೂ ಎರಡನೆಯದು 16ರಿಂದ 24ರಷ್ಟೂ ಇರಬೇಕು. ಇವುಗಳ ಕುದಿಬಿಂದು ಸುಮಾರು 300 ಡಿಗ್ರಿ ಸೆಂಟಿಗ್ರೇಡ್. ಆದುದರಿಂದ ಇವು ನಿಧಾನವಾಗಿ ಆರುತ್ತವೆ. ಚಹದೆಲೆಯನ್ನು ಬಾಡಿಸಿ ಹೊಸೆಯುವಾಗ ಹೊರಬೀಳುವ ಲಿನಲೂಲ್ ಮೊದಲಾದವುಗಳಾದರೋ ಹಗುರ. ಲಿನಲೂಲಿನ ಕುದಿಬಿಂದು 200 ಡಿಗ್ರಿಗೂ ತುಸು ಕಡಮೆ. ಹೀಗೆ ಚಹದ ಹಸುರುಗಂಪು ಮೊದಲು ಎದ್ದು ಬೇಗನೆ ಹೋಗುತ್ತದೆ. ಗಂಧದ ಹಾಲುಗಂಪು ತಡವಾಗಿ ತೋರಿ ಬಹಳ ಹೊತ್ತು ನಿಲ್ಲುತ್ತದೆ. ಮೊದಲನೆಯದನ್ನು ‘ಮುಂಗಂಪು’ ಎಂದೂ ಎರಡನೆಯದನ್ನು ‘ತಳಗಂಪು’ ಎಂದೂ ಕರೆದರೆ ಅರ್ಥವು ಸುಲಭವಾದೀತು. ಕನೋಜಿನ ಅತ್ತರಿನವರು ಮಲ್ಲಿಗೆ ಗುಲಾಬಿಗಳ ಕಂಪನ್ನು ಗಂಧದೆಣ್ಣೆಯಲ್ಲಿ ಇಳಿಸುತ್ತಿದ್ದುದೂ ಈ ನಿಲ್ಲುವ ಗುಣಕ್ಕಾಗಿಯೇ.

ಈ ಎಣ್ಣೆಯ ಚರಿತ್ರೆಗೂ ಬೆಂಗಳೂರಿಗೂ ನಂಟು ಹತ್ತಿರದ್ದು. 1914ರಲ್ಲಿ ಯುದ್ಧವು ಹುಟ್ಟಿ ಮೈಸೂರಿನ ಗಂಧದ ಕೊರಡುಗಳು ಜರ್ಮನಿಗೆ ಹೋಗುವುದು ನಿಂತಿತು. ಆಗ ಭಾರತೀಯ ವಿಜ್ಞಾನಮಂದಿರದ ಸಡ್‌ಬರೊ ಮತ್ತು ವಾಟ್ಸನ್ನರು ಎಣ್ಣೆ ಇಳಿಸುವ ಪ್ರಯೋಗಗಳನ್ನು ನಡೆಸಿದರು. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಬೆಂಗಳೂರಿನಲ್ಲಿ ಕಾರ್ಖಾನೆಯಾಯಿತು. 1918ರಲ್ಲಿ ಸಾಬೂನಿನ ಕಾರ್ಖಾನೆಯು ಹುಟ್ಟಿತು. ಅದು 1957ರಲ್ಲಿ ಯಶವಂತಪುರದ ಕಡೆಗೆ ಬಂದು ನೆಲಸಿತು. ಗಂಗಾನಗರಕ್ಕೆ ಪಶ್ಚಿಮದಲ್ಲಿ ಅನತಿದೂರದಲ್ಲಿರುವ ಸ್ಥಳವದು. ಚಹವೂ ನಮಗೆ ದೂರದ್ದಲ್ಲ. ಚಿಕ್ಕಮಗಳೂರು, ಕೊಡಗುಗಳಲ್ಲಿ ಅದರ ತೋಟಗಳಿವೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯು ಅಗತ್ಯ. ಸೀಸೆಯ ಮೇಲೆ ‘ಚಹ’ವೆಂದಿದ್ದ ಮಾತ್ರಕ್ಕೆ ಒಳಗೆ ಚಹದೆಲೆಯ ಸಾರವಿರಲೇಬೇಕೆಂದಿಲ್ಲ. ಫ್ರಾನ್ಸಿನ ಗಂಧಕಾರನಾದ ಝಾನ್ ಕ್ಲೋದ್ ಎಲೆನಾ 1990ರ ದಶಕದ ಆದಿಯಲ್ಲಿ ಬುಲ್ಗರಿ ಸಂಸ್ಥೆಗಾಗಿ ರಚಿಸಿ ಪ್ರಸಿದ್ಧಗೊಳಿಸಿದ ಹಸುರು ಚಹದ ಕಂಪು ಬೇರೆ ದ್ರವ್ಯಗಳ ಜೋಡಣೆಯಿಂದ ಮೂಡಿದುದು. ‘ಶ್ರೀಗಂಧ’ದ ಹೆಸರಿನಲ್ಲಿಯೂ ರಾಸಾಯನಿಕ ಪ್ರತಿನಿಧಿಗಳು ಸೇರುತ್ತಿವೆ. ಇದಕ್ಕೆ ಕಾರಣ ಮರದ ಅಭಾವ. ಬಹುಕಾಲ ಗಂಧದ ಮರವು ಯಾರ ನೆಲದಲ್ಲಿ ಬೆಳೆದರೂ ಸರಕಾರದ ಸ್ವತ್ತಾಗಿತ್ತು. ಬೆಳೆದವನಿಗೆ ಅದು ಲಾಭಕ್ಕಿಂತ ಭಯವನ್ನೇ ತಂದಿತು. 2001ರ ತಿದ್ದುಪಡಿಯಿಂದ ಕರ್ಣಾಟಕದಲ್ಲಿ ನೆಲದೊಡೆಯನಿಗೆ ಮರದ ಒಡೆತನವು ದೊರೆತಿದೆ. ಆದರೆ ಚೇಗು ಬಲಿಯಲು ವರ್ಷಗಳು ಬೇಕು.

ಪ್ರತಿನಿಧಿಯನ್ನು ಬಳಸುವುದು ದೋಷವೆಂದು ನಮ್ಮ ಅಭಿಪ್ರಾಯವಲ್ಲ. ಮರಕ್ಕೂ ಅದರ ಪ್ರತಿನಿಧಿಗೂ ಒಂದೇ ಹೆಸರು ಸಲ್ಲತೊಡಗಿದರೆ, ಮರವು ಇಲ್ಲವಾದುದೂ ನಮಗೆ ತಿಳಿಯದೆ ಹೋದೀತೆಂಬುದೇ ಭಯ. ಆದಕಾರಣ ಮರದಿಂದ ಬಂದುದನ್ನು ‘ಗಂಧ’ವೆಂದೂ ಹೋಲಿಕೆಯಿಂದ ಬಂದುದನ್ನು ‘ಗಂಧಸದೃಶ’ವೆಂದೂ ಬೇರ್ಪಡಿಸಿ ಹೇಳುವುದು ಯುಕ್ತ. ಪಾಠ ಹೇಳುವ ಉಪಾಧ್ಯಾಯರು ಒಂದು ಚೂರು ಕೊರಡನ್ನು ತೇಯ್ದು ವಿದ್ಯಾರ್ಥಿಗಳ ಕೈಗಿತ್ತರೆ, ಹಳೆಯ ಕಾವ್ಯಗಳ ಚಂದನವರ್ಣನೆಗೆ ಅದಕ್ಕಿಂತ ಉತ್ತಮವಾದ ಟೀಕೆ ಬೇಕಾಗಲಾರದು.